ಹೆಚ್ಚಿದ ಹಣ್ಣಿಗೆ ‘ಆಂಟಿಮೈಕ್ರೋಬಿಯಲ್’ ಡಬ್ಬಿ ತಗೊಳ್ಳಬಹುದಾ? ತಿಳಿದವರು ಹೇಳಿ

ಈಳಿಗೆಮಣೆ, ಸುಂಟಿಕೊಪ್ಪ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಕೊಡಗಿನ ಸುಂಟಿಕೊಪ್ಪದ ಹತ್ತಿರ ಕಾಫಿ ತೋಟದ ನಡುವೆ ನಮ್ಮ ಮನೆ. ಮೂರು ವರ್ಷದಿಂದ ಹಣ್ಣು, ತರಕಾರಿ ಹೆಚ್ಚಿ ಡಬ್ಬಿಗೆ ತುಂಬಿ ಹೋಂಸ್ಟೇಗಳಿಗೆ ಕೊಡುತ್ತಿದ್ದೇನೆ. ನಾನು, ನನ್ನ ಓರಗಿತ್ತಿ, ಲೈನ್‌ಮನೆಯ (ತೋಟದ ಕೆಲಸದವರ ಸಾಲುಮನೆಯ) ಒಬ್ಬಳು ಹುಡುಗಿ, ಮೂರೇ ಜನ. ಬೆಳಗಿನ ಜಾವ ನಾಲ್ಕಕ್ಕೆ ಕೂತರೆ ಆರೂವರೆಗೆ ಓಮ್ನಿ ಹೊರಡಬೇಕು. ಅನಾನಸ್, ಪಪ್ಪಾಯಿ, ಕಲ್ಲಂಗಡಿ, ಕರಬೂಜ, ಸಲಾಡಿಗೆ ಸೌತೆ, ಕ್ಯಾರೆಟ್. ಪಲ್ಯಕ್ಕೆ ಬೀನ್ಸ್, ಎಲೆಕೋಸು. ಒಟ್ಟು ಹದಿಮೂರು ಕಡೆ ಕೊಡುತ್ತೇವೆ. ಕೊನೆಯ ಮನೆ ಮುಟ್ಟುವಾಗ ಒಂಬತ್ತೂವರೆ ಆಗುತ್ತದೆ, ಮಳೆಗಾಲದಲ್ಲಿ ಮರ ಬಿದ್ದು ದಾರಿ ಕಟ್ಟಿದರೆ ಹತ್ತೂವರೆ.

ಈ ಮೇ ತಿಂಗಳಲ್ಲಿ ಒಂದು ಕಡೆ ಇಳಿದುಕೊಂಡಿದ್ದ ಕುಟುಂಬದ ಆರು ವರ್ಷದ ಮಗುವಿಗೆ ರಾತ್ರಿ ವಾಂತಿ, ಭೇದಿ, ಜ್ವರ ಶುರುವಾಗಿ ಎರಡು ದಿನ ಡ್ರಿಪ್ ಹಾಕಿಸಬೇಕಾಯಿತು. ನಮ್ಮ ಹಣ್ಣಿನಿಂದಲೇ ಆಯಿತು ಅಂತ ಯಾರೂ ಹೇಳಲಿಲ್ಲ. ಮಗು ಹಿಂದಿನ ದಿನ ದಾರಿಯಲ್ಲಿ ಬೇರೆ ಏನೇನೋ ತಿಂದಿತ್ತಂತೆ. ಆದರೆ ಬೆಳಿಗ್ಗೆ ಅದು ಬೇರೇನೂ ಮುಟ್ಟದೆ ತಟ್ಟೆ ತುಂಬ ಪಪ್ಪಾಯಿ ಮಾತ್ರ ತಿಂದಿತ್ತು ಎಂದು ಹೋಂಸ್ಟೇಯವರು ಹೇಳಿದಾಗ ನನ್ನ ಕೈಕಾಲು ತಣ್ಣಗಾಯಿತು. ಆ ಪಪ್ಪಾಯಿ ಹೆಚ್ಚಿದ್ದು ನಾನೇ. ಮಗು ಈಗ ಆರಾಮಾಗಿದೆ. ನನಗೆ ಮಾತ್ರ ಆವತ್ತಿನಿಂದ ಡಬ್ಬಿಯ ಮುಚ್ಚಳ ಹಾಕುವಾಗಲೆಲ್ಲ ಅದೇ ನೆನಪಾಗುತ್ತದೆ.

ಹೋದ ವಾರ ಡಬ್ಬಿ ಮಾರುವವರೊಬ್ಬರು ಬಂದಿದ್ದರು. ಅವರ ಡಬ್ಬಿ ‘ಆಂಟಿಮೈಕ್ರೋಬಿಯಲ್’ ಅಂತೆ. ಪ್ಲಾಸ್ಟಿಕ್ಕಿನೊಳಗೇ ಬೆಳ್ಳಿಯ ನ್ಯಾನೋ ಕಣ ಸೇರಿಸಿದ್ದಾರಂತೆ, ಶೇ. 99.9 ರೋಗಾಣು ಸಾಯುತ್ತವಂತೆ. ಜಗಲಿ ಮೇಲೆ ಎರಡು ಡಬ್ಬಿ ಇಟ್ಟು ತೋರಿಸಿದರು. ಎರಡರಲ್ಲೂ ಹತ್ತು ದಿನ ಹಳೆಯ ಬ್ರೆಡ್ ಚೂರು. ಮಾಮೂಲಿ ಡಬ್ಬಿಯದ್ದರ ಮೇಲೆ ಹಸಿರು ಬೂಷ್ಟು ದಪ್ಪಗೆ ಹಿಡಿದಿತ್ತು, ಅವರ ಡಬ್ಬಿಯ ಬ್ರೆಡ್ ಬೆಳ್ಳಗೇ ಇತ್ತು. ಓರಗಿತ್ತಿ ‘ಇದನ್ನೇ ತಗೊಳ್ಳೋಣ ಅಕ್ಕಾ’ ಅಂದಳು. ನಾವೀಗ ಡಬ್ಬಿಗೆ 4 ರೂಪಾಯಿ ಕೊಡುತ್ತೇವೆ, ಇದು 11. ದಿನಕ್ಕೆ 120 ಡಬ್ಬಿ ಬೇಕು, ಅಂದರೆ ದಿನಕ್ಕೆ 840 ರೂಪಾಯಿ ಹೆಚ್ಚು. ಮಗುವಿನ ವಿಷಯ ನೆನೆದರೆ ಅದೂ ದೊಡ್ಡ ದುಡ್ಡಲ್ಲ ಅನಿಸುತ್ತದೆ.

ನಮ್ಮ ನೀರು ತೋಟದ ಮೇಲಿನ ಒರತೆಯಿಂದ ಪೈಪಿನಲ್ಲಿ ಬರುತ್ತದೆ. ಬೇಸಿಗೆಯಲ್ಲಿ ಕನ್ನಡಿ ಹಾಗೆ ಇರುತ್ತದೆ, ಜುಲೈ ಬಂದರೆ ಕೆಂಪಗಾಗುತ್ತದೆ. ಹಣ್ಣನ್ನು ದೊಡ್ಡ ಟಬ್ಬಿನಲ್ಲಿ ಉಪ್ಪು ನೀರಲ್ಲಿ ತೊಳೆಯುತ್ತೇವೆ. ಫ್ರಿಜ್ ಒಂದೇ, ಕರೆಂಟ್ ಕಥೆ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಇನ್ನೊಂದು, ಮುಚ್ಚಳದ ಒಳಗಡೆ ಯಾವಾಗಲೂ ಬೆವರಿನ ಹಾಗೆ ಹನಿ ನಿಲ್ಲುತ್ತದೆ, ಅದು ಹಣ್ಣಿನ ಮೇಲೆ ತೊಟ್ಟಿಕ್ಕುತ್ತದೆ. ಅದರಿಂದ ತೊಂದರೆ ಇದೆಯಾ?

ಈ ಡಬ್ಬಿ ತಗೊಂಡರೆ ನಾನು ನಿಶ್ಚಿಂತೆಯಿಂದ ಇರಬಹುದಾ? ಬೆಳ್ಳಿ ಹಣ್ಣಿಗೆ ಇಳಿದು ಹೊಟ್ಟೆಗೆ ಹೋಗುವುದಿಲ್ಲವಾ? ಕಣಿಲೆ (ಎಳೆ ಬಿದಿರು) ಮತ್ತು ಅಣಬೆಯನ್ನು ವ್ಯಾಕ್ಯೂಮ್ ಮಾಡಿ, ಅಂದರೆ ಗಾಳಿ ತೆಗೆದು ಪ್ಯಾಕ್ ಮಾಡಿ ಕೊಡಿ ಅಂತಲೂ ಒಂದು ಕಡೆಯವರು ಕೇಳುತ್ತಿದ್ದಾರೆ, ಅದು ಸರಿಯಾ?

ಕಕ್ಕಬ್ಬೆ ಹೋಂಸ್ಟೇ:

ನಮ್ಮದು ನಾಲ್ಕು ರೂಮಿನ ಮನೆ. ಹೆಚ್ಚಿದ ಹಣ್ಣನ್ನು ಹೊರಗಿನಿಂದ ತರಿಸುವುದನ್ನು ನಾವು ನಿಲ್ಲಿಸಿದೆವು. ಕಾರಣ ಕೊಡುವವರಲ್ಲ, ನಮ್ಮಲ್ಲೇ ಇತ್ತು. ಡಬ್ಬಿ ಬೆಳಿಗ್ಗೆ ಬಂದರೆ ನಮ್ಮ ಹುಡುಗರು ಫ್ರಿಜ್ಜಿಗೆ ಇಡದೆ ಟೇಬಲ್ ಮೇಲೆ ಇಡುತ್ತಿದ್ದರು. ಅತಿಥಿಗಳು ಎದ್ದು ಬರುವುದು ಹತ್ತಕ್ಕೆ. ನೀವು ಎಷ್ಟು ಶುದ್ಧವಾಗಿ ಕಳಿಸಿದರೂ ಅಲ್ಲಿಂದ ಮುಂದೆ ಏನಾಗುತ್ತದೆ ಎಂದು ಒಂದು ದಿನ ಹೋಗಿ ನಿಂತು ನೋಡಿ ಅಕ್ಕ.

ಲ್ಯಾಬ್ ಕೋಣೆ, ಮೈಸೂರು:

ಅಕ್ಕಾ, ನಾನು ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ಸೂಕ್ಷ್ಮಾಣು ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ತವರು ಶನಿವಾರಸಂತೆ, ಆದ್ದರಿಂದ ನಿಮ್ಮ ಒರತೆ ನೀರು, ಕರೆಂಟು, ಎರಡೂ ಗೊತ್ತು. ನೀವು ಪ್ರಾಮಾಣಿಕವಾಗಿ ಬರೆದಿದ್ದೀರಿ, ನಾನೂ ಗೊತ್ತಿರುವುದನ್ನು ಬಿಡದೆ ಹೇಳುತ್ತೇನೆ.

ಮೊದಲು ಆ ಬ್ರೆಡ್. ಬೂಷ್ಟು ಕಣ್ಣಿಗೆ ಕಾಣುತ್ತದೆ. ನೀವು ಹೆದರಬೇಕಾದ ಸಾಲ್ಮೊನೆಲ್ಲಾ, ಇ. ಕೋಲೈ ಒ157, ಲಿಸ್ಟೀರಿಯಾ ಎಂಬ ರೋಗಾಣುಗಳು ಕಾಣುವುದಿಲ್ಲ. ಇವು ಲಕ್ಷಗಟ್ಟಲೆ ಬೆಳೆದ ಮೇಲೂ ಪಪ್ಪಾಯಿ ಚೂರು ಕೆಂಪಗೆ, ಗಟ್ಟಿಗೆ, ಒಳ್ಳೆ ವಾಸನೆಯಲ್ಲೇ ಇರಬಹುದು. ಬೂಷ್ಟು, ಲೋಳೆ, ಹುಳಿ ವಾಸನೆ ಕಂಡರೆ ನಾವು ಬಿಸಾಡುತ್ತೇವೆ. ಒಂದು ಡಬ್ಬಿ ಬೂಷ್ಟನ್ನು ಮಾತ್ರ ತಡೆದು ರೋಗಾಣುವನ್ನು ಬಿಟ್ಟುಬಿಟ್ಟರೆ ಅಡುಗೆಮನೆಯವರು ನಾಲ್ಕನೆಯ ದಿನವೂ ‘ಚೆನ್ನಾಗಿದೆಯಲ್ಲ’ ಎಂದು ಬಡಿಸುತ್ತಾರೆ. ನನಗೆ ಅದೇ ಹೆಚ್ಚು ಭಯ. ಲಿಸ್ಟೀರಿಯಾ ಫ್ರಿಜ್ಜಿನ ಚಳಿಯಲ್ಲೂ ನಿಧಾನಕ್ಕೆ ಬೆಳೆಯುತ್ತದೆ, ಬಸುರಿಯರಿಗೆ ಮತ್ತು ವಯಸ್ಸಾದವರಿಗೆ ಅದು ತುಂಬ ಅಪಾಯ.

ಇನ್ನು ಶೇ. 99.9. ಪ್ಲಾಸ್ಟಿಕ್ಕಿಗೆ ಸಾಮಾನ್ಯವಾಗಿ ಮಾಡುವುದು ಐಎಸ್‌ಒ 22196 ಪರೀಕ್ಷೆ. ನಯವಾದ ಪ್ಲಾಸ್ಟಿಕ್ ತುಂಡಿನ ಮೇಲೆ ರೋಗಾಣು ಇರುವ ದ್ರವ ಹಾಕಿ, ಮೇಲೊಂದು ತೆಳು ಹಾಳೆ ಮುಚ್ಚಿ, 35 ಡಿಗ್ರಿ ಬಿಸಿಯಲ್ಲಿ 24 ಗಂಟೆ ಬಿಡುತ್ತಾರೆ. ಅಲ್ಲಿ ಹಣ್ಣೇ ಇಲ್ಲ! ಸತ್ತದ್ದು ಪ್ಲಾಸ್ಟಿಕ್ ಮೇಲಿನ ರೋಗಾಣು. ನಿಮ್ಮ ಗಿರಾಕಿ ತಿನ್ನುವುದು ಪಪ್ಪಾಯಿ, ಅದೂ ತಣ್ಣಗಿರುವಾಗ, ರಸದಲ್ಲಿ ಒದ್ದೆಯಾಗಿರುವಾಗ. ಅವರನ್ನು ನೇರವಾಗಿ ಕೇಳಿ: ‘ಹೆಚ್ಚಿದ ಪಪ್ಪಾಯಿ ಮೇಲೆ, 5 ಡಿಗ್ರಿಯಲ್ಲಿ, ಸಾಲ್ಮೊನೆಲ್ಲಾ ಮತ್ತು ಲಿಸ್ಟೀರಿಯಾ ಎಷ್ಟು ಇಳಿಯಿತು? ಆ ವರದಿ ತೋರಿಸಿ.’

ಬೆಳ್ಳಿಗೆ ರೋಗಾಣು ಕೊಲ್ಲುವ ಶಕ್ತಿ ಇರುವುದು ನಿಜ. ಆದರೆ ಬೆಳ್ಳಿಯ ಅಯಾನು (ವಿದ್ಯುದಂಶ ಇರುವ ಸೂಕ್ಷ್ಮ ಕಣ) ತೇವದಲ್ಲಿ ಹೊರಬಂದು ರೋಗಾಣುವನ್ನು ಮುಟ್ಟಬೇಕು. ನಿಮ್ಮ ಡಬ್ಬಿಯನ್ನು ಒಮ್ಮೆ ಕಣ್ಣೆತ್ತರಕ್ಕೆ ಹಿಡಿದು ನೋಡಿ. ತಳದ ಸಾಲಿನ ಚೂರುಗಳ ಒಂದು ಮುಖ, ಬದಿಯಲ್ಲಿ ಆತುಕೊಂಡ ಕೆಲವು ಮೂಲೆ, ಡಬ್ಬಿಗೆ ತಾಗುವುದು ಅಷ್ಟೇ. ನಡುವಿನ ಚೂರುಗಳಿಗೆ ಡಬ್ಬಿಯ ಸಂಪರ್ಕವೇ ಇಲ್ಲ. ಅದರ ಮೇಲೆ ಹಣ್ಣಿನ ರಸದಲ್ಲಿರುವ ಪ್ರೋಟೀನು, ಕ್ಲೋರೈಡು ಬೆಳ್ಳಿಯನ್ನು ಹಿಡಿದಿಟ್ಟುಕೊಂಡು ಅದರ ಬಲ ತಗ್ಗಿಸುತ್ತವೆ. ಮಾಂಸದ ಹಾಳೆಯಂಥ ಚಪ್ಪಟೆ ವಸ್ತುವನ್ನು ಫಿಲ್ಮಿನಲ್ಲಿ ಬಿಗಿಯಾಗಿ ಸುತ್ತಿದರೆ ಲೆಕ್ಕ ಬೇರೆ. ಚೌಕ ಚೌಕ ಹೆಚ್ಚಿ ಸಡಿಲವಾಗಿ ತುಂಬಿದ ಹಣ್ಣಿಗೆ ಈ ದಾರಿ ಕಷ್ಟ.

ಇದಕ್ಕಾಗಿಯೇ ಆವಿಯಾಗಿ ಹರಡುವ ವಸ್ತುಗಳ ಮೇಲೆ ಹೆಚ್ಚು ಪ್ರಯೋಗ ನಡೆದಿದೆ. ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್, ಓರೆಗಾನೋದ ಕಾರ್ವಕ್ರಾಲ್, ಸಾಸಿವೆಯ ಘಾಟು ಕೊಡುವ ಐಸೋಥಯೋಸಯನೇಟ್, ಕ್ಲೋರಿನ್ ಡೈಆಕ್ಸೈಡ್ ಬಿಡುವ ಪುಟ್ಟ ಸ್ಯಾಶೆ. ಇವು ಡಬ್ಬಿಯೊಳಗಿನ ಗಾಳಿಯಲ್ಲಿ ತುಂಬಿಕೊಂಡು ಎಲ್ಲ ಚೂರಿಗೂ ತಲುಪಬಲ್ಲವು. ತೊಡಕು ರುಚಿಯಲ್ಲಿದೆ. ರೋಗಾಣು ಸಾಯುವಷ್ಟು ಹಾಕಿದರೆ ಪಪ್ಪಾಯಿ ಚಕ್ಕೆ ಕಷಾಯದ ವಾಸನೆ ಹೊಡೆಯುತ್ತದೆ, ವಾಸನೆ ಬರದಷ್ಟು ಹಾಕಿದರೆ ರೋಗಾಣು ಬದುಕುತ್ತದೆ. ನಿಸಿನ್ ಎಂಬ, ರೋಗಾಣು ತಡೆಯುವ ವಸ್ತುವೊಂದಿದೆ, ಚೀಸಿನಲ್ಲಿ ಬಹಳ ಕಾಲದಿಂದ ಬಳಸುತ್ತಾರೆ. ಅದು ಲಿಸ್ಟೀರಿಯಾವನ್ನು ತಡೆಯುತ್ತದೆ. ಸಾಲ್ಮೊನೆಲ್ಲಾ, ಇ. ಕೋಲೈಗಳಿಗೆ ಹೊರಗೆ ಇನ್ನೊಂದು ಪೊರೆ ಇರುವುದರಿಂದ ಅದೊಂದರಿಂದಲೇ ಅವು ಬಗ್ಗುವುದಿಲ್ಲ. ‘ಎಲ್ಲ ರೋಗಾಣು ಸಾಯುತ್ತದೆ’ ಎಂದು ಯಾರಾದರೂ ಹೇಳಿದರೆ ಯಾವುದು ಎಂದು ಹೆಸರು ಹಿಡಿದು ಕೇಳಿ.

ಹೊಟ್ಟೆಗೆ ಹೋಗುತ್ತದಾ ಎಂದಿರಿ, ಸರಿಯಾದ ಪ್ರಶ್ನೆ. ನಮ್ಮಲ್ಲಿ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಮಾಡಿದ ಪ್ಯಾಕೇಜಿಂಗ್ ನಿಯಮ 2018ರದು. ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಇಳಿಯುವ ವಸ್ತು ಒಟ್ಟು ಕಿಲೋಗೆ 60 ಮಿಲಿಗ್ರಾಂ ದಾಟಬಾರದು. ಐಎಸ್ 9845 ಎಂಬ ಭಾರತೀಯ ಮಾನಕದ ಪ್ರಕಾರ ಪರೀಕ್ಷೆ. ಇದು ಒಟ್ಟು ಲೆಕ್ಕ. ಬೆಳ್ಳಿ ಎಷ್ಟು ಇಳಿಯಿತು ಎಂಬುದನ್ನು ಬೇರೆಯಾಗಿ ಅಳೆಸಿರಬೇಕು. ನೀವು ಅನಾನಸ್ ತುಂಬುವವರು, ಅದು ಹುಳಿ ಹಣ್ಣು, ಹಾಗಾಗಿ ಬರೀ ನೀರಿನಲ್ಲಿ ಮಾಡಿದ ವರದಿ ಸಾಲದು, ಶೇ. 3 ಅಸಿಟಿಕ್ ಆಮ್ಲದಲ್ಲಿ ಮಾಡಿದ್ದು ಬೇಕು. ಹಣ್ಣಿನ ಮೇಲೆ ಮಾಡಿದ್ದು, ಬೆಳ್ಳಿ ಎಷ್ಟು ಇಳಿಯುತ್ತದೆ ಎಂಬುದು, ಈ ಎರಡು ವರದಿ ಕೈಗೆ ಬರುವವರೆಗೆ ಒಂದು ಡಬ್ಬಿಯನ್ನೂ ಕೊಳ್ಳಬೇಡಿ.

ಈಗ ನಿಮ್ಮ 840 ರೂಪಾಯಿಯನ್ನು ನಾನಾಗಿದ್ದರೆ ಎಲ್ಲಿ ಹಾಕುತ್ತಿದ್ದೆ ಎಂದು ಹೇಳುತ್ತೇನೆ.

ನೀರಿಗೆ ಮೊದಲು. ಉಪ್ಪು ನೀರಿನಿಂದ ಹುಳ ಉದುರಿಹೋಗುತ್ತದೆ, ರೋಗಾಣು ಸಾಯುವುದಿಲ್ಲ. ಅದಕ್ಕಿಂತ ಮುಖ್ಯ, ಟಬ್ಬಿನಲ್ಲಿ ಒಂದು ಹಣ್ಣಿನ ಕೊಳೆ ಇಪ್ಪತ್ತು ಹಣ್ಣಿಗೆ ಹಂಚಿಹೋಗುತ್ತದೆ. ಒಳ್ಳೆಯ ಕ್ಲೋರಿನ್ ನೀರಿನಲ್ಲಿ ತೊಳೆದರೂ ಹಣ್ಣಿನ ಮೇಲಿನ ರೋಗಾಣು ಹತ್ತರಲ್ಲೊಂದು, ಬಹಳವೆಂದರೆ ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ, ಅಷ್ಟೇ. ಕ್ಲೋರಿನ್‌ನ ದೊಡ್ಡ ಉಪಕಾರವೆಂದರೆ ಅದು ಹಂಚಿಹೋಗುವುದನ್ನು ತಡೆಯುತ್ತದೆ. ಆಹಾರಕ್ಕೆಂದೇ ಮಾರುವ, ವಾಸನೆ ಸೇರಿಸದ ಸೋಡಿಯಂ ಹೈಪೋಕ್ಲೋರೈಟ್ ತನ್ನಿ. ಶೇ. 5ರದ್ದಾದರೆ ಲೀಟರಿಗೆ 2 ಎಂಎಲ್ ಹಾಕಿದರೆ 100 ಪಿಪಿಎಂ (ಲೀಟರಿಗೆ 100 ಮಿಲಿಗ್ರಾಂ ಕ್ಲೋರಿನ್) ಆಗುತ್ತದೆ. ಮೊದಲು ಮಣ್ಣನ್ನು ಉಜ್ಜಿ ತೊಳೆದು, ಆಮೇಲೆ ಇಡೀ ಹಣ್ಣನ್ನು ಇದರಲ್ಲಿ ಒಂದೆರಡು ನಿಮಿಷ ಇಟ್ಟು, ಕುದಿಸಿ ಆರಿಸಿದ ನೀರಿನಲ್ಲಿ ಜಾಲಿಸಿ. ನೆನಪಿಡಿ, ಕೆಂಪು ನೀರಿಗೆ ಎಷ್ಟು ಹಾಕಿದರೂ ಮಣ್ಣೇ ಕ್ಲೋರಿನ್ನನ್ನು ತಿಂದುಬಿಡುತ್ತದೆ. ಜುಲೈ ನೀರನ್ನು ತಿಳಿಯಾಗಲು ಬಿಟ್ಟು, ಸೋಸಿ, ಆಮೇಲೆ ಹಾಕಬೇಕು. ಕ್ಲೋರಿನ್ ಪಟ್ಟಿ ಸಿಗುತ್ತದೆ, ಅದ್ದಿ ಬಣ್ಣ ನೋಡಿ. ನೀರು ಹಣ್ಣಿಗಿಂತ ತುಸು ಬೆಚ್ಚಗಿರಲಿ. ಬಿಸಿಲಲ್ಲಿದ್ದ ಟೊಮ್ಯಾಟೊ, ಮಾವನ್ನು ತಣ್ಣೀರಿಗೆ ಹಾಕಿದರೆ ತೊಟ್ಟಿನ ಗಾಯದಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತವೆ, ಜೊತೆಗೆ ರೋಗಾಣುವನ್ನೂ.

ಕರಬೂಜದ ಸಿಪ್ಪೆಯ ಬಲೆಯನ್ನು ಹತ್ತಿರದಿಂದ ನೋಡಿ, ಉಗುರು ತೂರದಷ್ಟು ಸಣ್ಣ ಸಂದುಗಳು. ಅಲ್ಲಿ ಕೂತದ್ದನ್ನು ಚಾಕು ಒಂದೇ ಎಳೆತಕ್ಕೆ ತಿರುಳಿಗೆ ಒಯ್ಯುತ್ತದೆ. 2011ರಲ್ಲಿ ಅಮೆರಿಕದ ಕೊಲೊರಾಡೋದ ಒಂದು ತೋಟದ ಕರಬೂಜ ತಿಂದು ಲಿಸ್ಟೀರಿಯಾದಿಂದ 147 ಜನ ಹಾಸಿಗೆ ಹಿಡಿದು 33 ಜನ ತೀರಿಕೊಂಡರು. ತನಿಖೆಯಲ್ಲಿ ಸಿಕ್ಕಿದ್ದು ಪ್ಯಾಕಿಂಗ್ ಶೆಡ್ಡಿನ ನೆಲದಲ್ಲಿ ನಿಂತ ನೀರು, ಮೊದಲು ಆಲೂಗಡ್ಡೆಗೆ ಬಳಸಿದ್ದ, ಸರಿಯಾಗಿ ತೊಳೆಯಲಾಗದ ಯಂತ್ರ, ಹಣ್ಣನ್ನು ತಂಪು ಮಾಡದೆ ಕೋಣೆಗೆ ತುಂಬಿದ್ದು. ನಿಮ್ಮ ಈಳಿಗೆಮಣೆಯ ಮರದ ಹಲಗೆಯಲ್ಲೂ ಗೀರುಗಳಿರುತ್ತವೆ ಅಕ್ಕ. ಸಿಪ್ಪೆ ತೆಗೆಯಲು ಒಂದು ಚಾಕು, ತಿರುಳು ಹೆಚ್ಚಲು ಬೇರೆ ಚಾಕು, ಹಲಗೆ ಪ್ಲಾಸ್ಟಿಕ್ಕಿನದು.

ಆಮೇಲೆ ತಂಪು. ಹೆಚ್ಚಿದ ಹಣ್ಣು 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇರಬೇಕು. ಬೆಚ್ಚಗೆ ಹಿತವಾಗಿದ್ದರೆ ಇ. ಕೋಲೈ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ನಾಲ್ಕು ಗಂಟೆಯಲ್ಲಿ ಒಂದು ಇದ್ದದ್ದು 4096. ನಮ್ಮೂರ ಚಳಿಗೆ ಅಷ್ಟು ಬೇಗ ಆಗದು, ಆದರೆ ಮೇ ತಿಂಗಳ ಓಮ್ನಿಯ ಹಿಂಭಾಗ ನಮ್ಮೂರ ಚಳಿ ಅಲ್ಲ. ಮುಚ್ಚಳದ ಹನಿಯೂ ಇದನ್ನೇ ಹೇಳುತ್ತಿದೆ: ಹಣ್ಣು ಆರುವ ಮೊದಲೇ ಮುಚ್ಚಿದ್ದೀರಿ, ಅಥವಾ ತಂಪು ಏರಿಳಿಯುತ್ತಿದೆ. ಹೆಚ್ಚಿದ ಚೂರನ್ನು ತಟ್ಟೆಯಲ್ಲಿ ಹರಡಿ, ಮುಚ್ಚಿ ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ, ತಣ್ಣಗಿರುವ ಡಬ್ಬಿಗೆ ತುಂಬಿ ನೋಡಿ.

ಕಣಿಲೆ, ಅಣಬೆ ವ್ಯಾಕ್ಯೂಮ್ ಖಂಡಿತ ಬೇಡ. ಗಾಳಿಯಿಲ್ಲದ ಕಡೆ ಬೆಳೆಯುವ ಬೊಟುಲಿನಂ ಎಂಬ ರೋಗಾಣುವಿದೆ, ಅದರ ವಿಷ ಪ್ರಾಣ ತೆಗೆಯುತ್ತದೆ. ಹಸಿ ಅಣಬೆಯ ಪ್ಯಾಕೆಟ್ಟಿಗೆ ತೂತು ಬಿಡುವುದು ಅದಕ್ಕೇ.

ದ್ರಾಕ್ಷಿ ತೋಟ, ವಿಜಯಪುರ:

ಅಕ್ಕಾರ, ನಾವು ದ್ರಾಕ್ಷಿ ಪೆಟ್ಟಿಗ್ಯಾಗ ಗಂಧಕದ ಹಾಳಿ ಇಡ್ತೀವಿ ನೋಡ್ರಿ. ಸೋಡಿಯಂ ಮೆಟಾಬೈಸಲ್ಫೈಟ್ ಇರ್ತದ, ತ್ಯಾವಕ್ಕ ಗಂಧಕದ ಗಾಳಿ ಬಿಟ್ಟು ಬೂಷ್ಟು ಬರದಂಗ ಕಾಯ್ತದ. ಮದ್ದು ಇರೋ ಪ್ಯಾಕಿಂಗ್ ಅಂದ್ರ ನಮಗ ಹೊಸಾದಲ್ಲ. ಆದ್ರ ಕೋಲ್ಡ್ ಸ್ಟೋರೇಜ್ ಸೊನ್ನಿ ಡಿಗ್ರಿ ಹತ್ರ ಇರ್ಲಿಲ್ಲಂದ್ರ ಆ ಹಾಳಿ ಏನೂ ಮಾಡಂಗಿಲ್ಲ. ಬಿಸಿ ಆತಂದ್ರ ಒಮ್ಮೆಲೆ ಗಾಳಿ ಬಿಟ್ಟು ಕಾಯಿ ಬೆಳ್ಳಗಾಗ್ತಾವ. ಯಾರರ ಇದನ್ನ ಹೆಚ್ಚಿದ ಹಣ್ಣಿಗೆ ಇಡ್ರಿ ಅಂದ್ರ ಇಡಬ್ಯಾಡ್ರಿ. ಉಬ್ಬಸ ಇದ್ದವ್ರಿಗೆ ಸಲ್ಫೈಟ್ ಆಗಿಬರಂಗಿಲ್ಲ. ಹಸಿ ತಿನ್ನೋ ಹಣ್ಣು, ತರಕಾರಿಗೆ ಸಲ್ಫೈಟ್ ಹಾಕೋದನ್ನ ಅಮೆರಿಕದಾಗ 1986ರಾಗನ ನಿಲ್ಸ್ಯಾರ.

ಅಜ್ಜಿಮನೆ, ನಾಪೋಕ್ಲು:

ನಮ್ಮ ಕಚಂಪುಳಿ (ಕೊಡಗಿನ ಹಣ್ಣಿನ ಹುಳಿರಸ) ಇರುವಾಗ ಬೆಳ್ಳಿ ಯಾಕೆ? ಪಂದಿ ಕರಿಗೆ (ಹಂದಿ ಮಾಂಸದ ಸಾರಿಗೆ) ಹಾಕಿದರೆ ಫ್ರಿಜ್ ಇಲ್ಲದ ಕಾಲದಲ್ಲೂ ಎರಡು ದಿನ ಕೆಡುತ್ತಿರಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದರು. ಅದನ್ನೇ ತೆಳ್ಳಗೆ ಮಾಡಿ ಹಣ್ಣಿಗೆ ಚಿಮುಕಿಸಬಾರದೇ?

ಲ್ಯಾಬ್ ಕೋಣೆ, ಮೈಸೂರು:

ಅಜ್ಜಿಯ ಮಾತು ಸುಳ್ಳಲ್ಲ, ಹುಳಿ ದೊಡ್ಡ ಕಾವಲು. ಆದರೆ ಪಂದಿ ಕರಿ ಚೆನ್ನಾಗಿ ಬೆಂದಿರುತ್ತದೆ, ದಿನಾ ಕಾಯಿಸುತ್ತಿದ್ದರು, ಹುಳಿ ಅದರ ಮೇಲೆ ಸೇರುತ್ತದೆ. ಬೇಯಿಸದೆ ತಿನ್ನುವ ಪಪ್ಪಾಯಿಯದು ಬೇರೆ ದಾರಿ. ನಿಂಬೆರಸ ಹಿಂಡಿದ ಪಪ್ಪಾಯಿಯಲ್ಲೂ ರೋಗಾಣು ಕಡಿಮೆಯಾಗುತ್ತವೆ, ಪೂರ್ತಿ ಹೋಗುವುದಿಲ್ಲ.

ಹುಳಿಯ ಮಾತು ಬಂದದ್ದು ಒಳ್ಳೆಯದಾಯಿತು, ನಾನು ಮೇಲೆ ಬರೆಯುವುದು ಮರೆತಿದ್ದೆ. ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕೆಳಗಿದ್ದರೆ ರೋಗಾಣು ಬೆಳೆಯುವುದು ಕಷ್ಟ. ಅನಾನಸ್ 4ರ ಕೆಳಗಿದೆ. ಪಪ್ಪಾಯಿ, ಕಲ್ಲಂಗಡಿ 5ರ ಮೇಲೆ, ಕರಬೂಜ 6ರ ಮೇಲೆ. ಒಂದೇ ಕೈ, ಒಂದೇ ನೀರು, ಒಂದೇ ಡಬ್ಬಿ ಆದರೂ ಅನಾನಸ್ಸಿಗೆ ಅಪಾಯ ಕಡಿಮೆ, ಕರಬೂಜಕ್ಕೆ ಬಹಳ. ಅನಾನಸ್ಸಿನಲ್ಲೂ ಬಿದ್ದ ರೋಗಾಣು ಬದುಕಿರಬಲ್ಲದು, ಹಾಗಾಗಿ ತೊಳೆಯುವುದನ್ನು ಬಿಡುವಂತಿಲ್ಲ.

ಅಕ್ಕಾ, ಬಿಡುವಾದಾಗ ಮೈಸೂರಿಗೆ ಬನ್ನಿ. ಸಿಎಫ್‌ಟಿಆರ್‌ಐನಲ್ಲಿ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ನಿಮ್ಮಂಥ ಸಣ್ಣ ಉದ್ಯಮದವರಿಗೆ ಕೆಲವು ದಿನಗಳ ತರಬೇತಿ ಇರುತ್ತದೆ. ನಿಮ್ಮ ಹತ್ತಿರ ಚೆಟ್ಟಳ್ಳಿಯ ತೋಟಗಾರಿಕೆ ಪ್ರಯೋಗ ಕೇಂದ್ರ, ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರವೂ ಇವೆ, ಅಲ್ಲೂ ವಿಚಾರಿಸಿ.

ಈಳಿಗೆಮಣೆ, ಸುಂಟಿಕೊಪ್ಪ (ಒಂಬತ್ತು ದಿನ ಬಿಟ್ಟು):

ಎಲ್ಲರಿಗೂ ಕೈಮುಗಿಯುತ್ತೇನೆ. ತಡವಾಗಿ ಬರೆಯುತ್ತಿದ್ದೇನೆ, ಮಧ್ಯೆ ಮೂರು ದಿನ ಕರೆಂಟ್ ಇರಲಿಲ್ಲ, ನೆಟ್‌ವರ್ಕೂ ಇರಲಿಲ್ಲ.

ಕುಶಾಲನಗರದಿಂದ ಚುಚ್ಚಿ ನೋಡುವ ಥರ್ಮಾಮೀಟರ್ ತರಿಸಿದೆ. ಮೊದಲ ದಿನವೇ ಗೊತ್ತಾಯಿತು, ನಮ್ಮ ಫ್ರಿಜ್ಜಿನ ತಿರುಪು ಯಾವ ನಂಬರಿಗಿಟ್ಟರೂ ಮೇಲಿನ ತಟ್ಟೆಯಲ್ಲಿ 9 ಡಿಗ್ರಿ. ಬಾಗಿಲಿನ ರಬ್ಬರ್ ಒಂದು ಮೂಲೆಯಲ್ಲಿ ಸೀಳಿತ್ತು, ಮೂರು ವರ್ಷದಿಂದ ದಿನಾ ಆ ಬಾಗಿಲು ತೆಗೆದವಳು ನಾನು, ನೋಡಿರಲಿಲ್ಲ. ಬದಲಾಯಿಸಿದ ಮೇಲೆ 4ಕ್ಕೆ ಬಂದಿದೆ. ಆಮೇಲೆ ಓಮ್ನಿಯ ಜೊತೆ ನಾನೇ ಹೋದೆ. ಕೊನೆಯ ಮನೆಯಲ್ಲಿ ಡಬ್ಬಿ ತೆಗೆದು ನಡುವಿನ ಪಪ್ಪಾಯಿ ಚೂರಿಗೆ ಚುಚ್ಚಿದರೆ 17. ಇಷ್ಟು ಮಳೆ, ಚಳಿ ಇರುವಾಗಲೇ 17 ಇದ್ದರೆ ಮೇ ತಿಂಗಳಲ್ಲಿ ಎಷ್ಟಿತ್ತೋ. ಕಕ್ಕಬ್ಬೆಯವರು ಹೇಳಿದ ಹಾಗೆ ಅಲ್ಲೇ ನಿಂತು ನೋಡಿದೆ. ಡಬ್ಬಿ ಗ್ಯಾಸ್ ಒಲೆಯ ಪಕ್ಕದ ಕಟ್ಟೆ ಮೇಲೆ ಒಂದೂಕಾಲು ಗಂಟೆ ಕೂತಿತ್ತು. ಅಡುಗೆಯ ಹುಡುಗನ ತಪ್ಪೇನೂ ಇಲ್ಲ, ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಡಬ್ಬಿಯವರಿಗೆ ಫೋನ್ ಮಾಡಿ ಮೇಡಂ ಹೇಳಿದ ಹಾಗೆ ಕೇಳಿದೆ. ಒಂದು ಪಿಡಿಎಫ್ ಕಳಿಸಿದರು. ಮಗಳು ಓದಿ ಹೇಳಿದಳು, ಅದೇ ಐಎಸ್‌ಒ 22196, ಪ್ಲಾಸ್ಟಿಕ್ ತುಂಡಿನ ಮೇಲೆ. ಹಣ್ಣಿನ ಮೇಲೆ ಮಾಡಿದ್ದು, ಬೆಳ್ಳಿ ಎಷ್ಟು ಇಳಿಯುತ್ತದೆ ಎಂಬುದು ಎರಡೂ ಇರಲಿಲ್ಲ. ‘ಕಂಪನಿಯಲ್ಲಿ ಕೇಳಿ ಹೇಳುತ್ತೇನೆ’ ಅಂದಿದ್ದಾರೆ. ಅವರು ನಯವಾಗಿಯೇ ಮಾತಾಡಿದರು. ವರದಿ ಬಂದರೆ ಇಲ್ಲೇ ಹಾಕುತ್ತೇನೆ, ಬರುವವರೆಗೆ ತಗೊಳ್ಳುವುದಿಲ್ಲ.

ಕರಬೂಜ, ಪಪ್ಪಾಯಿ ಹೆಚ್ಚಿ ಕೊಡುವುದನ್ನು ಸದ್ಯಕ್ಕೆ ನಿಲ್ಲಿಸಿದ್ದೇನೆ. ಕ್ಲೋರಿನ್ ನೀರಲ್ಲಿ ತೊಳೆದು ಇಡಿಯಾಗಿ ಕೊಡುತ್ತೇವೆ, ತಿನ್ನುವ ಹೊತ್ತಿಗೆ ಅವರೇ ಹೆಚ್ಚಿಕೊಳ್ಳಲಿ. ಇಬ್ಬರು ಗಿರಾಕಿ ಬೇಸರಪಟ್ಟು ಬಿಟ್ಟರು. ಒಬ್ಬರು ಮಾತ್ರ ಕಾರಣ ಕೇಳಿ, ಆ ಥರ್ಮಾಮೀಟರ್ ಎಲ್ಲಿ ಸಿಗುತ್ತದೆ ಎಂದರು. ಅನಾನಸ್, ಕ್ಯಾರೆಟ್, ಸೌತೆ ಮುಂದುವರಿದಿದೆ. ಅಣಬೆಯನ್ನು ತೂತಿನ ಕವರಿನಲ್ಲಿ ಕೊಡುತ್ತೇವೆ. ವ್ಯಾಕ್ಯೂಮ್ ಕೇಳಿದವರಿಗೆ ಆಗುವುದಿಲ್ಲ ಎಂದು ಹೇಳಿ ಬಂದೆ. ಥರ್ಮಾಕೋಲ್ ಪೆಟ್ಟಿಗೆ ನಾಲ್ಕು, ಜೆಲ್ ಐಸ್ ಪ್ಯಾಕ್ ಹನ್ನೆರಡು ಬಂದಿವೆ. ನೀರಿಗೆ ಎರಡು ಡ್ರಮ್ ಇಟ್ಟಿದ್ದೇವೆ, ಒಂದರಲ್ಲಿ ತಿಳಿಯಾಗಲು ರಾತ್ರಿ ಬಿಟ್ಟು, ಬಟ್ಟೆಯಲ್ಲಿ ಸೋಸಿ ಇನ್ನೊಂದಕ್ಕೆ. ಪಟ್ಟಿ ಅದ್ದಿ ಬಣ್ಣ ನೋಡುವ ಕೆಲಸ ಲೈನ್‌ಮನೆ ಹುಡುಗಿಯದು. ಅವಳು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಡುತ್ತಿದ್ದಾಳೆ.

ಮೇಡಂ, ಇನ್ನೊಂದು ಕೇಳುವುದಿದೆ. ನಿನ್ನೆ ಜೆಲ್ ಪ್ಯಾಕ್ ಮೇಲೆ ಕೂತ ಅನಾನಸ್ ಡಬ್ಬಿಯ ತಳದ ಚೂರುಗಳು ಹೆಪ್ಪುಗಟ್ಟಿ, ಬಿಡಿಸಿದಾಗ ನೀರು ಬಿಟ್ಟು ಮೆತ್ತಗಾದವು. ಮೇಲಿನ ಡಬ್ಬಿಗಳು 6 ಡಿಗ್ರಿ. ಪ್ಯಾಕನ್ನು ಕೆಳಗಿಡಬೇಕಾ, ಮೇಲಿಡಬೇಕಾ, ನಡುವೆ ರಟ್ಟು ಹಾಕಬೇಕಾ? ನಾಳೆ ರಟ್ಟು ಹಾಕಿ, ಪ್ಯಾಕನ್ನು ಮೇಲಿಟ್ಟು ಕಳಿಸುತ್ತೇನೆ. ಹೊರಡುವಾಗ ಒಂದು, ಕೊನೆಯ ಮನೆಯಲ್ಲಿ ಒಂದು ಅಳತೆ ತೆಗೆದು ಬರೆಯುತ್ತೇನೆ.